ಇಳಿದ ಮೇಲೆ

ಕವಿತಾಳ ಸತ್ತು ಎರಡು ತಿಂಗಳಾಗಿದ್ದರೂ ಮೌನೇಶ ಫೋನಿನಲ್ಲಿ ಅದು ಬದುಕಿದೆ ಎಂದೇ ಹೇಳುತ್ತ ಬಂದಿದ್ದ.

ಕವಿತಾಳ ಎಂದರೆ ಊರಲ್ಲ, ಮೀನು. ಬಿಳಿ ಮೈ, ನೆತ್ತಿಯ ಮೇಲೆ ಕೆಂಪು ಟೊಪ್ಪಿಗೆ. ಮದುವೆಯಾಗಿ ಮಾನ್ವಿಯಿಂದ ದೇವದುರ್ಗಕ್ಕೆ ಬಂದ ಮಲ್ಲಿಕಾ ಮಂಚ, ಅಲಮಾರಿಗಳ ಜೊತೆಗೆ ಒಂದು ಗಾಜಿನ ತೊಟ್ಟಿಯನ್ನೂ ತಂದಿದ್ದಳು. ಅದರೊಳಗಿನ ಮೂರು ಗೋಲ್ಡ್ ಫಿಶ್‌ಗಳಿಗೆ ತನ್ನ ಸೀಮೆಯ ಬಸ್ಸಿನ ಬೋರ್ಡುಗಳಿಂದ ಹೆಸರು ತೆಗೆದಿಟ್ಟಿದ್ದಳು. ಕರಿಯದು ನೀರಮಾನ್ವಿ. ಕೇಸರಿ ಬಣ್ಣದ್ದು ಸಿರವಾರ. ಬಿಳಿಯದು ಕವಿತಾಳ. ಲಿಂಗ ಕಟ್ಟಿಕೊಂಡವರ ಮನೆಗೆ ಮೀನು ಬಂತೆಂದು ಓಣಿಯವರು ನಕ್ಕಿದ್ದೇ ನಕ್ಕಿದ್ದು. ‘ಸಾರು ಯಾವಾಗ್ರಿ?’ ಎಂದು ಎದುರು ಮನೆಯವನು ಬಾಗಿಲಲ್ಲೇ ನಿಂತು ಕೇಳಿದ್ದ. ಮೌನೇಶನ ತಾಯಿ ವೀರಭದ್ರಮ್ಮ ತೊಟ್ಟಿಯನ್ನು ದೇವರ ಜಗುಲಿಗೆ ಮರೆಯಾಗಿ ಇಡಿಸಿದಳು. ಒಂದು ವಾರ ಅತ್ತ ಕಣ್ಣು ಹಾಯಿಸಲಿಲ್ಲ. ಆಮೇಲೊಂದು ಮುಂಜಾನೆ, ‘ಆ ಕರೇದಕ್ಕ ಹೊಟ್ಟಿ ತುಂಬಿಲ್ಲ ನೋಡವ್ವಾ,’ ಎಂದು ತಾನೇ ಸೊಸೆಯನ್ನು ಕರೆದಿದ್ದಳು.

ಮಲ್ಲಿಕಾ ಈಗ ಮಾನ್ವಿಯ ತವರಿನಲ್ಲಿದ್ದಳು. ಬೇಸಗೆಯಲ್ಲಿ ಹೋದವಳು ಚಳಿಗಾಲ ಬಂದರೂ ತಿರುಗಿ ಬಂದಿರಲಿಲ್ಲ. ಜಗಳವಾಗಿತ್ತು ಎನ್ನುವ ಹಾಗೂ ಇರಲಿಲ್ಲ. ಜಗಳವಾಗಿದ್ದರೆ ಯಾರಾದರೂ ಹಿರಿಯರು ನಡುವೆ ಕೂತು ಬಿಡಿಸುತ್ತಿದ್ದರು. ಸಂಜೆ ತಾನು ಪಾಠ ಹೇಳುವ ಶಾಲೆಯಿಂದ ಬಂದ ಮೇಲೆ ಅವಳು ಫೋನು ಮಾಡುತ್ತಿದ್ದಳು. ಮಾತೆಲ್ಲ ಮೀನಿನದೇ.

‘ಮೀನ ಹ್ಯಾಂಗವ್ರಿ?’

‘ಅದಾವ.’

‘ಮೂರೂ?’

‘ಮೂರೂ.’

‘ಕವಿತಾಳ ತಿಂತದ?’

‘ತಿಂತದ.’

ಆಮೇಲೆ ‘ಹಂಗಾರ ಇಡತೀನ್ರಿ,’ ಎಂದು ಅವಳೇ ಇಡುತ್ತಿದ್ದಳು. ಹೊಸದರಲ್ಲಿ ಅವಳು ಅವನನ್ನು ಕೆಣಕುತ್ತಿದ್ದಳು: ‘ನಿಮ್ಮ ಅಪ್ಪಾರು ನಿಮ್ಮ ಸ್ವಭಾವ ನೋಡಿ ಮೌನೇಶ ಅಂತ ಇಟ್ಟಾರೋ, ಹೆಸರು ಇಟ್ಟ ಮ್ಯಾಲೆ ನೀವು ಹಿಂಗಾದ್ರೋ?’ ಈಗ ಅದನ್ನೂ ಅನ್ನುತ್ತಿರಲಿಲ್ಲ.

ದಸರೆಯ ಹೊತ್ತಿಗೆ ಮೌನೇಶ ತಾಯಿಯ ಜೊತೆ ಪರ ಊರಿನ ಒಂದು ಮದುವೆಗೆ ಹೋಗುವಾಗ ಮೀನಿಗೆ ಊಟ ಸಾಲದೆ ಹೋದೀತೆಂದು ತೊಟ್ಟಿಗೆ ಹಿಡಿಗಟ್ಟಲೆ ಕಾಳು ಸುರಿದು ಹೋಗಿದ್ದ. ನೀರು ಕೆಟ್ಟು ನಾರಿತು, ಕವಿತಾಳ ಸತ್ತಿತು. ವೀರಭದ್ರಮ್ಮ ಅದನ್ನು ಹಿತ್ತಲಿನ ಕರಿಬೇವಿನ ಬುಡದಲ್ಲಿ ಹುಗಿದಳು. ಅವತ್ತೇ ಹೇಳಿದ್ದರೆ ಮುಗಿಯುತ್ತಿತ್ತು. ಮರುದಿನ ಹೇಳೋಣ ಎಂದುಕೊಂಡ. ಮರುದಿನಕ್ಕೆ ಅದು ಸುಳ್ಳಾಗಿತ್ತು.

ಡಿಸೆಂಬರಿನ ಮೊದಲ ವಾರ ಮಲ್ಲಿಕಾ ಫೋನಿನಲ್ಲಿ, ‘ತಿಂಗಳ ಕೊನೀಗೆ ಶಾಲಿಗೆ ಒಂದು ವಾರ ರಜಾ ಅದ. ಬರ್ತೀನಿ. ಇದ್ದು ನೋಡತೀನಿ,’ ಎಂದಳು.

ಇದ್ದು ನೋಡತೀನಿ. ಆ ಮಾತನ್ನು ಮೌನೇಶ ಕೆಲಸದ ನಡುವೆಯೂ ಬಾಯೊಳಗೆ ತಿರುವಿದ. ಸರಿ ಕಂಡರೆ ಉಳಿಯುತ್ತಾಳೆ. ಕಾಣದಿದ್ದರೆ ಮಾನ್ವಿಯ ಶಾಲೆಯ ಕೆಲಸವೇ ಖಾಯಂ, ತವರೇ ಖಾಯಂ. ಬಿಡಿಸಿ ಹೇಳಬೇಕಾದ್ದೇನೂ ಇರಲಿಲ್ಲ. ಬಂದವಳು ಮೊದಲು ನೋಡುವುದು ತೊಟ್ಟಿಯನ್ನು ಎಂಬುದನ್ನೂ ಯಾರೂ ಹೇಳಬೇಕಾಗಿರಲಿಲ್ಲ.

ರಜೆ ಹಾಕಿ ಅವನು ರಾಯಚೂರಿನ ಬಸ್ಸು ಹತ್ತಿದ.

ಸ್ಟೇಷನ್ ರಸ್ತೆಯ ಒಂದು ಸಂದಿಯಲ್ಲಿ ಗುಲಾಮ್ ದಸ್ತಗೀರನ ಮೀನಿನ ಅಂಗಡಿ. ಮೂರೂ ಗೋಡೆಗೆ ಗಾಜಿನ ತೊಟ್ಟಿಗಳು, ನೀಲಿ ದೀಪ, ಗಾಳಿ ಪಂಪುಗಳ ಗುಳುಗುಳು. ದಸ್ತಗೀರನ ಹೆಗಲ ಮೇಲಿನ ಟವೆಲು ಯಾವಾಗಲೂ ಒದ್ದೆ. ಮೌನೇಶ ಮೊಬೈಲಿನಲ್ಲಿ ಕವಿತಾಳದ ಫೋಟೋ ತೋರಿಸಿದ.

‘ಇಂಥದ್ದೇ ಬೇಕು.’

‘ಇಂಥದ್ದು ಅಂದ್ರ ಇದೇ ಜಾತಿದೋ, ಇದೇ ಮಾರಿದೋ?’

‘ಇದೇ ಮಾರಿದು.’

ದಸ್ತಗೀರ್ ಅವನನ್ನು ಒಮ್ಮೆ ದಿಟ್ಟಿಸಿದ. ‘ಸತ್ತದ್ದನ್ನ ಮನ್ಯಾಗ ಹೇಳಿಲ್ಲ.’

‘ಇಲ್ಲ.’

‘ಭಾಳ ಮಂದಿ ಬರ್ತಾರ ಹಿಂಗ. ಸಣ್ಣ ಹುಡುಗರ ಅಪ್ಪಂದಿರು. ನಿಮಗೆಷ್ಟು ಮಕ್ಕಳು?’

‘ಮಕ್ಕಳಲ್ಲ ಭಾಯಿ. ಹೆಂಡ್ತಿ.’

‘ಅರೆ. ಮಕ್ಕಳಾದ್ರ ಮರೀತಾವ್ರಿ. ಬೇಗಂ ಗುರ್ತು ಹಿಡೀತಾರ.’ ಎನ್ನುತ್ತಲೇ ಅವನು ಜಾಲಿ ಹಾಕಿ, ಕೆಳಸಾಲಿನ ತೊಟ್ಟಿಯಿಂದ ಬಿಳಿಯದೊಂದನ್ನು ಮೂಲೆಗೆ ಒತ್ತಿ ಹಿಡಿದು, ಪ್ಲಾಸ್ಟಿಕ್ ಚೀಲಕ್ಕೆ ಬಿಟ್ಟು, ಗಾಳಿ ತುಂಬಿ ರಬ್ಬರು ಬಿಗಿದ. ‘ಇದನ್ನ ಸೀದಾ ಒಯ್ದು ಹಳೇವರ ಜೋಡಿ ಬಿಡಬ್ಯಾಡ್ರಿ. ಮೊನ್ನೆ ಹೈದರಾಬಾದಿನಿಂದ ಬಂದ ಮಾಲು. ಮೈಮ್ಯಾಲೆ ಏನು ತಂದದೋ ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಂದು ತಿಂಗಳ ಬ್ಯಾರೆ ಕೂಡ್ರಸ್ರಿ. ಬ್ಯಾರೆ ಬಕೀಟು, ಬ್ಯಾರೆ ಜಾಲಿ. ಈ ಕಡೆ ಕೈ ಹಾಕಿದ್ರ ತೊಳಕೊಂಡು ಆ ಕಡೆ ಹೋಗ್ರಿ.’

‘ತಿಂಗಳ ಆಗಂಗಿಲ್ಲ ಭಾಯಿ. ರಜಾಕ್ಕ ಬರ್ತಾಳ.’

‘ಶಾಲಿ ರಜಾ ಮೀನಿಗೆ ತಿಳಿಯಂಗಿಲ್ಲ ಸಾರ್.’

ದೇವದುರ್ಗದ ತನಕ ಮೌನೇಶ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತ. ಪಕ್ಕದ ಸೀಟಿನ ಹೆಂಗಸು ಅದನ್ನೂ ಅವನ ಹಣೆಯ ವಿಭೂತಿಯನ್ನೂ ನೋಡಿ ತಲೆ ಆ ಕಡೆ ತಿರುಗಿಸಿದಳು.

ಮನೆಯಲ್ಲಿ ಬಚ್ಚಲ ಪಕ್ಕದ ಮೂಲೆಯಲ್ಲಿ ಹೊಸ ಬಕೆಟ್ಟು ಇಟ್ಟು, ಒಂದು ಗಾಳಿ ಪಂಪು ಜೋಡಿಸಿ ಮೀನನ್ನು ಬಿಟ್ಟ. ವೀರಭದ್ರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘ಇದ್ಯಾಕ ಇಲ್ಲಿ?’

‘ಒಂದಿಷ್ಟು ದಿನ ಬ್ಯಾರೆ ಇಡಬೇಕು ಬೇ.’

‘ನಮ್ಮ ಮನ್ಯಾಗ ಹೆಂಗಸರೇ ಹೊರಗ ಕೂಡಂಗಿಲ್ಲ. ಮೀನ ಕೂಡ್ತದೇನು?’ ಎಂದು ತನ್ನ ಮಾತಿಗೆ ತಾನೇ ನಕ್ಕಳು. ಸೊಸೆ ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಅರ್ಧಕ್ಕೇ ನಿಂತಿತು.

ನಾಲ್ಕೈದು ದಿನ ಮೀನು ಚೆನ್ನಾಗಿಯೇ ಇತ್ತು. ಮೌನೇಶ ಕೆಲಸಕ್ಕೆ ಹೋಗುವ ಮುನ್ನ, ಬಂದ ಮೇಲೆ, ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕಾಳು ಹಾಕುತ್ತಿದ್ದ. ಅವನ ಕೈ ಕಂಡರೆ ಅದು ಮೇಲೆ ಬರುವುದನ್ನು ಕಲಿತಿತು. ಒಂದು ಮುಂಜಾನೆ ತಾಯಿ ಬಚ್ಚಲಿನಿಂದ ಕರೆದಳು.

‘ಯಪ್ಪಾ, ಬಾ ಇಲ್ಲಿ. ಇದಕ್ಕ ಅಮ್ಮ ಬಂದಾಳ.’

ಬಿಳಿ ಮೈಮೇಲೆ ಅಷ್ಟಾಗಿ ಕಾಣುತ್ತಿರಲಿಲ್ಲ. ಆದರೆ ಕೆಂಪು ಟೊಪ್ಪಿಗೆಯ ಮೇಲೆ, ಬಾಲದ ತೆಳು ಪರೆಯ ಮೇಲೆ ರವೆಯ ಕಾಳು ಉದುರಿಸಿದ ಹಾಗೆ ಬಿಳಿ ಚುಕ್ಕಿಗಳು ಎದ್ದಿದ್ದವು. ಮೀನು ಬಕೆಟ್ಟಿನ ಗೋಡೆಗೆ ಮೈ ಉಜ್ಜಿಕೊಳ್ಳುತ್ತಿತ್ತು.

‘ಅಮ್ಮ ಅಲ್ಲ ಬೇ. ಹುಳ.’

‘ಹುಳ ಅಂದ್ರ ಹರಿದಾಡಬೇಕು. ಇವು ಕುಂತಾವ.’

ಮೌನೇಶ ಒಂದು ಖಾಸಗಿ ಲ್ಯಾಬಿನ ಟೆಕ್ನಿಷಿಯನ್ನು. ಊರಿನ ರಕ್ತ, ಮೂತ್ರ, ಕಫ ಎಲ್ಲ ಅವನ ಮೇಜಿಗೆ ಬಂದು, ‘ಇದೆ’ ಅಥವಾ ‘ಇಲ್ಲ’ ಆಗಿ ಹೋಗುತ್ತಿದ್ದವು. ಮೀನಿನ ಬಾಲದಿಂದ ಗಾಜಿನ ಚೂರಿನಲ್ಲಿ ಲೋಳೆ ಕೆರೆದು ಒಯ್ದು ಮೈಕ್ರೋಸ್ಕೋಪಿಗೆ ಹಾಕಿದ. ಒಂದು ದುಂಡನೆಯ ಜೀವ, ಮೈತುಂಬ ಸಣ್ಣ ಕೂದಲು, ಹೊಟ್ಟೆಯೊಳಗೆ ಕುದುರೆ ಲಾಳದಂಥ ಮಸುಕು ಬಿಲ್ಲು. ಅದು ತನ್ನಷ್ಟಕ್ಕೆ ತಾನು ಹೊರಳುತ್ತಿತ್ತು, ಯಾರ ಗೊಡವೆಯೂ ಇಲ್ಲದೆ. ಹೊರಗೆ ಬೆಂಚಿನ ಮೇಲೆ ಜ್ವರದವರು ಕಾಯುತ್ತಿದ್ದರು. ಅವನು ಮತ್ತಷ್ಟು ಹೊತ್ತು ಅದನ್ನೇ ನೋಡಿದ.

ದಸ್ತಗೀರನಿಗೆ ಫೋನು ಹಚ್ಚಿದ.

‘ಬಿಳಿ ಚುಕ್ಕಿ ರೋಗ ಸಾರ್. ಒಂದು ಹೀಟರ್ ತಗೊಂಡು ನೀರು ಬೆಚ್ಚಗ ಇಡ್ರಿ. ಕಲ್ಲುಪ್ಪು ಹಾಕ್ರಿ. ಒಂದು ಮಾತು ಪಕ್ಕಾ ತಿಳಕೋರಿ. ಮೈಮ್ಯಾಲೆ ಇದ್ದಾಗ ಆ ಹುಳಕ್ಕ ಏನು ಹಾಕಿದ್ರೂ ಮುಟ್ಟಂಗಿಲ್ಲ, ಒಳಗ ಹೊಕ್ಕೊಂಡು ಕುಂತಿರ್ತದ. ಆ ಚುಕ್ಕಿ ಉದುರಿ ತಳಕ್ಕ ಬೀಳ್ತದಲ್ಲ, ಅಲ್ಲಿ ಒಂದು ನೂರಾರು ಆಗ್ತದ. ಆ ಮರಿ ಈಜಕೋತ ಮತ್ತ ಮೀನ ಹುಡಕ್ತಾವ. ಆಗ ಸಾಯ್ತಾವ ಉಪ್ಪಿಗೆ. ಉದುರಿತಂತ ಖುಷಿ ಪಡಬ್ಯಾಡ್ರಿ. ಉದುರಿದ ಮ್ಯಾಲೇ ಅಸಲಿ ಖತರಾ.’

‘ತಿಳೀತು,’ ಎಂದ ಮೌನೇಶ. ತಿಳಿದೂ ಇತ್ತು.

ಬಕೆಟ್ಟಿಗೆ ಹೀಟರ್ ಕಡ್ಡಿ ಇಳಿಬಿಟ್ಟಾಗ ವೀರಭದ್ರಮ್ಮ ಹೌಹಾರಿದಳು. ‘ಅಮ್ಮ ಬಂದಾಗ ಬೆಚ್ಚಗ ಮಾಡ್ತಾರೇನೋ ಯಾರರೆ? ತಂಪು ಮಾಡಬೇಕು. ಉಪ್ಪು ಬ್ಯಾರೆ ಸುರೀತಿ.’ ಅವನು ಲ್ಯಾಬಿಗೆ ಹೋಗಿ ಬರುವಷ್ಟರಲ್ಲಿ ಬಕೆಟ್ಟಿನ ಬಾಯಿಗೆ ಅಡ್ಡಲಾಗಿ ಬೇವಿನ ಟೊಂಗೆ ಬಂದಿತ್ತು. ತೆಗೆದ. ಮರುದಿನ ಮತ್ತೆ ಬಂತು. ಬಿಟ್ಟುಬಿಟ್ಟ.

ಆ ಟೊಂಗೆಯ ಕಹಿ ವಾಸನೆ ಅವನಿಗೆ ಒಗ್ಗುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಮಲ್ಲಿಕಾಳ ಮೈಮೇಲೂ ಹೀಗೇ ಸೀತಾಳೆ ಸಿಡುಬಿನ ಗುಳ್ಳೆಗಳು ಎದ್ದಿದ್ದವು. ಬಾಗಿಲಿಗೆ ಬೇವು ಬಂತು, ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು. ಮೌನೇಶನಿಗೆ ಚಿಕ್ಕಂದಿನಲ್ಲಿ ಅಮ್ಮ ಬಂದಿರಲಿಲ್ಲ. ‘ದೊಡ್ಡವರಿಗೆ ಬಂದ್ರ ಕೆಟ್ಟ, ಮೌನೇಶ. ಆಕಿ ತವರಿನ್ಯಾಗ ಇರ್ಲಿ, ಇಳಿದ ಮ್ಯಾಲೆ ಕರ್ಕೊಂಡು ಬಾ,’ ಎಂದು ತಾಯಿ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. ಅವನು ಹೂಂ ಎಂದ. ಒಳಕೋಣೆಯಲ್ಲಿ ಮಲಗಿದ್ದವಳಿಗೆ ಅದೆಲ್ಲ ಕೇಳಿಸಿತ್ತು. ಕಾರು ತರಿಸಿ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅವನು ಬೈಕಿನಲ್ಲಿ ಕಾರಿನ ಹಿಂದೆ ಹೋದ. ಹಿಂದಿನ ಗಾಜಿನಲ್ಲಿ ಅವಳ ಕಾಲಿನ ಮೇಲಿನ ಹೊದಿಕೆ ಕಾಣುತ್ತಿತ್ತು. ಸಿರವಾರದ ತನಕ ಹೋಗಿ, ಲ್ಯಾಬಿನಿಂದ ಫೋನು ಬಂತೆಂದು ಕಾರಿನ ಡ್ರೈವರಿಗೆ ಕೈ ಮಾಡಿ ತಿರುಗಿದ.

ಎರಡು ವಾರಕ್ಕೆ ಅತ್ತೆ ಉಮಾದೇವಿಯ ಫೋನು ಬಂತು. ‘ಅಮ್ಮ ಇಳದಾಳ್ರಿ. ಮೂರು ಸರ್ತಿ ನೀರು ಹಾಕೀವಿ. ಬೇವಿನ ಗಿಡದ ಬುಡಕ್ಕ ಮೊಸರನ್ನ ಇಟ್ಟು ಕಳಿಸಿ ಬಂದೀವಿ. ಇನ್ನ ಬಂದು ಕರ್ಕೊಂಡು ಹೋಗ್ರಿ.’

ಹೊಪ್ಪಳೆ ಒಣಗಿದ ಮೇಲೆ ಅದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ ಎಂಬುದು ಮೌನೇಶನಿಗೆ ಗೊತ್ತಿತ್ತು. ಲ್ಯಾಬಿಗೆ ಬಂದವರಿಗೆ ಅವನೇ ಹೇಳುತ್ತಿದ್ದ. ಆದರೂ, ‘ಇನ್ನೊಂದು ವಾರ ಇರ್ಲಿ ಅತ್ತಿ,’ ಎಂದ. ಆ ವಾರ ಮುಗಿದ ಮೇಲೆ ಮತ್ತೊಂದು ವಾರ. ಹೋಗದೆ ಇರುವುದು ದಿನದಿನಕ್ಕೆ ಸುಲಭವಾಯಿತು, ಹೋಗುವುದು ಕಷ್ಟವಾಯಿತು, ಅಷ್ಟೇ. ಕೊನೆಗೆ ಜೂನಿನಲ್ಲಿ ಮಾನ್ವಿಗೆ ಹೋದಾಗ ಅವಳ ಕೊರಳಲ್ಲಿ ಶಾಲೆಯ ಗುರುತಿನ ಚೀಟಿ ನೇತಾಡುತ್ತಿತ್ತು. ಹಣೆಯ ಮೇಲೆ, ಹುಬ್ಬಿನ ಪಕ್ಕ, ಒಂದು ಗುಳಿ ಉಳಿದಿತ್ತು. ಚಹಾ ತಂದಿಟ್ಟು, ‘ಶಾಲಿಗೆ ಹೊತ್ತಾತ್ರಿ,’ ಎಂದು ಹೋದಳು. ಆಮೇಲೆ ಅವನು ಕರೆದಾಗಲೆಲ್ಲ ಶಾಲೆ ಇರುತ್ತಿತ್ತು.

ಬಕೆಟ್ಟಿನ ಮೀನಿನ ಚುಕ್ಕಿಗಳು ಒಂದು ಗುರುವಾರ ಪೂರಾ ಮಾಯವಾದವು. ಟೊಪ್ಪಿಗೆ ತೊಳೆದಿಟ್ಟಂತೆ ಕೆಂಪಗಿತ್ತು. ಮೌನೇಶ ಮತ್ತೆ ಲೋಳೆ ಕೆರೆದು ಒಯ್ದ. ಗಾಜಿನ ಚೂರನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನ ತನಕ ಎರಡು ಸಲ ಹುಡುಕಿದ. ಏನೂ ಇರಲಿಲ್ಲ. ಮೇಜಿನ ಮುಂದೆ ಕೂತು ಅವನು ಇಷ್ಟು ವರ್ಷ ಮಾಡಿದ ಕೆಲಸ ಅದು: ಚೂರಿನಲ್ಲಿ ಇಲ್ಲದಿದ್ದರೆ ಇಲ್ಲ. ಮೀನಿನ ಮೈಯನ್ನು ನೋಡಿದ್ದ. ಬಕೆಟ್ಟಿನ ನೀರನ್ನು ನೋಡಿರಲಿಲ್ಲ.

‘ಇಳದಾಳ,’ ಎಂದಳು ವೀರಭದ್ರಮ್ಮ, ಬೇವಿನ ಟೊಂಗೆ ತೆಗೆಯುತ್ತ. ‘ಇನ್ನ ಒಳಗ ತಗೋ. ಇಳಿದ ಮ್ಯಾಲೆ ಯಾರನ್ನೂ ಹೊರಗ ಇಡಬಾರ್ದು.’

ಮಾತು ಬಾಯಿಂದ ಬಿದ್ದ ಮೇಲೆ ಇಬ್ಬರಿಗೂ ಕೇಳಿಸಿತು. ಅವಳು ಟೊಂಗೆ ಹಿಡಿದು ಹಿತ್ತಲಿಗೆ ಹೋದಳು. ಬಹಳ ಹೊತ್ತು ಒಳಗೆ ಬರಲಿಲ್ಲ.

ಮಲ್ಲಿಕಾ ಬರುವುದು ಐತವಾರ. ಮೌನೇಶ ದಸ್ತಗೀರನ ನಂಬರು ಒತ್ತಿ, ಆ ಕಡೆ ಗಂಟೆ ಬಾರಿಸುವ ಮೊದಲೇ ಕಡಿದ. ಏನು ಹೇಳುತ್ತಾನೆಂದು ಗೊತ್ತಿದ್ದವನಿಗೆ ಯಾಕೆ ಕೇಳಬೇಕು? ಉದುರಿದ ಮೇಲೇ ಅಸಲಿ ಖತರಾ. ಅದನ್ನು ಮನಸ್ಸಿಗೆ ತಂದುಕೊಂಡಾಗಲೆಲ್ಲ ಅದರ ಹಿಂದೆಯೇ ಇನ್ನೊಂದು ದನಿ ಬರುತ್ತಿತ್ತು, ಇನ್ನೊಂದು ವಾರ ಇರ್ಲಿ ಅತ್ತಿ ಎನ್ನುವ ದನಿ, ಅವನದೇ. ಆ ದನಿಗೆ ಈಗ ಹೇಸುತ್ತಿದ್ದ. ಇನ್ನೊಂದು ವಾರ ಎಂದು ಇನ್ನೊಮ್ಮೆ ಅನ್ನಲಾರ.

ಶನಿವಾರ ಲ್ಯಾಬಿನಿಂದ ಬಂದವನೇ ಬಕೆಟ್ಟಿನಿಂದ ಮೀನನ್ನು ಜಾಲಿಯಲ್ಲಿ ಎತ್ತಿ ಪಡಸಾಲೆಯ ತೊಟ್ಟಿಗೆ ಬಿಟ್ಟ. ಜಾಲಿಯಿಂದ ನಾಲ್ಕು ಹನಿ ನೀರೂ ಬಿತ್ತು. ನೀರಮಾನ್ವಿ ಹತ್ತಿರ ಬಂದು ಹೊಸದರ ಪಕ್ಕೆ ಮೂಸಿತು. ಸಿರವಾರ ಒಂದು ಸುತ್ತು ಹಾಕಿತು. ಸ್ವಲ್ಪ ಹೊತ್ತಿಗೆ ಮೂರೂ ಒಂದೇ ಕಡೆ ಮುಖ ಮಾಡಿ ನಿಂತವು. ಮೌನೇಶನಿಗೆ ಎದೆ ಹಗುರಾಯಿತು.

ಐತವಾರ ಮಲ್ಲಿಕಾ ತಾಯಿಯ ಜೊತೆ ಬಂದಳು. ಚಪ್ಪಲಿ ಬಿಟ್ಟವಳು ನೇರ ತೊಟ್ಟಿಯ ಮುಂದೆ ಕೂತು ಗಾಜಿಗೆ ಅಂಗೈ ಹಚ್ಚಿದಳು. ನೀರಮಾನ್ವಿ, ಸಿರವಾರ ಎರಡೂ ಬಾಯಿ ತೆರೆಯುತ್ತ ಅಂಗೈ ಹತ್ತಿರ ಬಂದವು. ಬಿಳಿಯದು ಹಿಂದಿನ ಮೂಲೆಯಲ್ಲೇ ಉಳಿಯಿತು. ಅವಳು ಅದನ್ನು ನೋಡುತ್ತ ಕೂತಳು. ಮೌನೇಶ ಅವಳ ಬಟ್ಟೆಯ ಚೀಲ ಕೈಯಲ್ಲಿ ಹಿಡಿದೇ ನಿಂತಿದ್ದ.

‘ಕವಿತಾಳ ದಪ್ಪಾಗ್ಯದ,’ ಎಂದಳು ಕೊನೆಗೆ.

‘ಹೂಂ. ಚಲೋ ತಿಂತದ.’

ಉಮಾದೇವಿ ಉಂಡು ಸಂಜೆಯ ಬಸ್ಸಿಗೆ ತಿರುಗಿ ಹೋದಳು. ಹೊರಡುವಾಗ ಬೀಗಿತ್ತಿಯ ಕೈ ಹಿಡಿದು, ‘ಆಕಿ ಮನಸ್ಸು ಆಕಿಗೇ ಬಿಡ್ರಿ. ಒತ್ತಾಯ ಮಾಡಬ್ಯಾಡ್ರಿ,’ ಎಂದಷ್ಟೇ ಹೇಳಿದಳೆಂದು ವೀರಭದ್ರಮ್ಮ ಆಮೇಲೆ ಮಗನಿಗೆ ತಿಳಿಸಿದಳು.

ಆ ಕೆಲವು ದಿನ ಮನೆಗೆ ಮೈ ಬಂದ ಹಾಗಿತ್ತು. ಅತ್ತೆ ಸೊಸೆ ಪಡಸಾಲೆಯಲ್ಲಿ ಕೂತು ಕುದಿಸಿದ ತೊಗರಿಕಾಯಿ ಸುಲಿದು ತಿನ್ನುತ್ತ ಯಾರ ಯಾರದೋ ಮನೆಯ ಸುದ್ದಿ ಆಡಿದರು. ಮಲ್ಲಿಕಾ ಮೊದಲು ಚೀಲದಿಂದಲೇ ಬಟ್ಟೆ ತೆಗೆದು ಉಟ್ಟಳು. ಆಮೇಲೊಂದು ದಿನ ಎರಡು ಸೀರೆ ಅಲಮಾರಿಯಲ್ಲಿ ತೂಗುಹಾಕಿದಳು. ಮೌನೇಶ ಅಲಮಾರಿ ತೆರೆದು ಅವನ್ನು ನೋಡಿ ಮತ್ತೆ ಮುಚ್ಚಿದ. ಅಲುಗಿಸಿದರೆ ಕೆಟ್ಟೀತು ಎನ್ನುವ ಹಾಗೆ ಮೆಲ್ಲಗೆ.

ಶುಕ್ರವಾರ ಮುಂಜಾನೆ ಅವಳ ದನಿ ಕೇಳಿಸಿತು.

‘ರೀ, ಬರ್ರಿಲ್ಲಿ.’

ನೀರಮಾನ್ವಿಯ ಕರಿ ಮೈಮೇಲೆ ಯಾವುದನ್ನೂ ಹುಡುಕಬೇಕಾಗಿರಲಿಲ್ಲ. ತಲೆಯಿಂದ ಬಾಲದ ತನಕ ಬಿಳಿ ಚುಕ್ಕಿ. ಸಿರವಾರ ತಳದ ಕಲ್ಲಿಗೆ ಪಕ್ಕೆ ತಿಕ್ಕುತ್ತಿತ್ತು. ಬಿಳಿಯದು ಮಾತ್ರ ಮೌನೇಶನನ್ನು ಕಂಡು, ಕಾಳು ಬಂತೆಂದು ಮೇಲೆ ಬಂತು.

‘ಇದು ಕವಿತಾಳ ಅಲ್ಲಂತ ಬಂದ ದಿನಾನೇ ಗೊತ್ತಾತ್ರಿ,’ ಎಂದಳು ಮಲ್ಲಿಕಾ. ‘ಅದು ನನ್ನ ಕೈಗೆ ಬರ್ತಿತ್ತು. ಇದು ನಿಮ್ಮ ಕೈಗೆ ಬರ್ತದ.’

‘ಮತ್ತ ಯಾಕ ಸುಮ್ನಿದ್ದಿ?’

‘ನೀವಾಗೇ ಹೇಳ್ತೀರೇನೋ ಅಂತ.’

ಬಾಗಿಲ ಬಳಿ ವೀರಭದ್ರಮ್ಮ ಬಂದು ನಿಂತಿದ್ದಳು.

‘ಎಲ್ಲಿಟ್ಟಿದ್ರಿ ಇದನ್ನ, ತಂದ ಮ್ಯಾಲೆ?’ ಎಂದಳು ಮಲ್ಲಿಕಾ.

‘ಬಚ್ಚಲದ ಕಡೆ. ಬಕೀಟಿನ್ಯಾಗ.’

‘ಅದಕ್ಕೂ ಎದ್ದಿದ್ವು?’

‘ಹೂಂ.’

‘ಉದುರಿದ ಮ್ಯಾಲೆ ಎಷ್ಟು ದಿನ ಹೊರಗಿಟ್ಟಿದ್ರಿ?’

ಮೌನೇಶ ತೊಟ್ಟಿಯನ್ನೇ ನೋಡುತ್ತಿದ್ದ. ‘ಎರಡು ದಿನ.’

‘ಎರಡು ದಿನ.’ ಅವಳು ದನಿ ಏರಿಸಲಿಲ್ಲ. ಪಾಠ ಒಪ್ಪಿಸಿದ ಹುಡುಗನ ಉತ್ತರವನ್ನು ತಿರುಗಿ ಹೇಳುವ ಹಾಗೆ ಹೇಳಿದಳು. ‘ನನ್ನನ್ನ ಉದುರಿದ ಮ್ಯಾಲೆ ಒಂದೂವರಿ ತಿಂಗಳ ಇಟ್ಟಿದ್ರಿ.’

ಅದಕ್ಕೇ, ಎಂದು ಹೇಳಬೇಕೆಂದುಕೊಂಡ. ನಿನ್ನನ್ನು ಅಷ್ಟು ದಿನ ಇಟ್ಟದ್ದಕ್ಕೇ ಇದನ್ನು ಎರಡು ದಿನವೂ ಇಡಲಾಗಲಿಲ್ಲ. ಬಾಯಿ ತೆರೆದ. ಹೊರಗೆ ಬಂದದ್ದು, ‘ಹೀಟರ್ ಹಾಕತೀನಿ.’

ಹಾಕಿದ. ಬಕೆಟ್ಟಿನ ಹೀಟರು ಅಷ್ಟು ದೊಡ್ಡ ತೊಟ್ಟಿಯನ್ನು ಬೆಚ್ಚಗೆ ಮಾಡಲಾರದು. ಮಾಡುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಉಪ್ಪು ಕರಗಿಸಿ ಸುರಿದ. ಇಬ್ಬರೂ ಪಕ್ಕ ಪಕ್ಕ ಕೂತು ನೀರು ತೆಗೆದು ನೀರು ಹಾಕಿದರು. ಕೊಡ ಕೊಡುವಾಗ, ತೆಗೆದುಕೊಳ್ಳುವಾಗ ಕೈ ತಾಕುತ್ತಿದ್ದವು. ಹೊರಗಿನವರು ನೋಡಿದ್ದರೆ ಅನ್ಯೋನ್ಯ ಗಂಡಹೆಂಡತಿ ಎನ್ನುತ್ತಿದ್ದರು. ಸಿರವಾರ ಮರುದಿನ ಮಗ್ಗುಲಾಗಿ ತೇಲಿತು. ನೀರಮಾನ್ವಿ ಗಾಳಿ ಗುಳ್ಳೆಗಳ ಹತ್ತಿರ ನಿಂತು, ಕಿವಿರು ಬಡಿಯುತ್ತ, ಇನ್ನೊಂದು ದಿನ ತಡೆಯಿತು.

ಬಿಳಿಯದಕ್ಕೆ ಒಂದು ಚುಕ್ಕಿಯೂ ಏಳಲಿಲ್ಲ.

‘ಅದಕ್ಕ ಒಮ್ಮಿ ಬಂದು ಹೋಗ್ಯದಲ್ಲ, ಮೈ ಗಟ್ಟಿ ಆಗ್ಯದ,’ ಎಂದ ದಸ್ತಗೀರ್ ಫೋನಿನಲ್ಲಿ. ‘ತಂದದ್ದೂ ಅದೇ, ಉಳದದ್ದೂ ಅದೇ. ಹಿಂಗೇ ಆಗ್ತದ ಸಾರ್.’ ನಾನು ಹೇಳಿದ್ದೆ ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಮೌನೇಶನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ವೀರಭದ್ರಮ್ಮ ಸತ್ತ ಎರಡನ್ನೂ ಹುಗಿದು ಬಂದು ಕೈ ತೊಳೆಯುತ್ತ, ‘ಇಳದಾಕಿನ್ನ ನಾವು ಕಳಿಸಲಿಲ್ಲ. ಗಿಡದ ಬುಡಕ್ಕ ಮೊಸರನ್ನ ಇಟ್ಟು ಕಳಿಸಬೇಕಿತ್ತು. ಕಳಿಸದಿದ್ರ ಎಲ್ಲಿ ಹೋಗ್ತಾಳ? ಮನ್ಯಾಗೇ ಉಳಿದ್ಲು,’ ಎಂದಳು. ಮಗ ಹುಳವೆಂದು ತಿದ್ದುತ್ತಾನೇನೋ ಎಂದು ಕಾದಳು. ಅವನು ತಿದ್ದಲಿಲ್ಲ. ಅವಳು ತೀರ ತಪ್ಪೇನೂ ಹೇಳಿರಲಿಲ್ಲ. ಇಳಿದದ್ದು ಎಲ್ಲಿ ಹೋಯಿತೆಂದು ಅವನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮಲ್ಲಿಕಾ ಅಲಮಾರಿಯಿಂದ ಎರಡೂ ಸೀರೆ ತೆಗೆದು ಮಡಚಿದಳು. ಅತ್ತೆ ಚೀಲದ ಬಾಯಿ ಹಿಡಿದುಕೊಂಡಳು.

‘ಮೀನಿನ ಸಲುವಾಗಿ ಮನಿ ಬಿಡ್ತಾರೇನವ್ವಾ ಯಾರರೆ?’

‘ಮೀನಿನ ಸಲುವಾಗಿ ಅಲ್ಲ ಅತ್ತಿ. ನಿಮ್ಮ ಮ್ಯಾಲೆ ಸಿಟ್ಟೂ ಇಲ್ಲ. ಬಿಡ್ರಿ ಚೀಲ.’

ಬಸ್ ಸ್ಟ್ಯಾಂಡಿನ ತನಕ ಮೌನೇಶ ಚೀಲ ಹೊತ್ತು ನಡೆದ. ಸಿರವಾರದ ಮೇಲೆ ಹೋಗುವ ಬಸ್ಸು ನಿಂತಿತ್ತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಅವನು ಕೆಳಗಿನಿಂದ ಕಿಟಕಿಯ ಸರಳು ಹಿಡಿದು ನಿಂತ. ಕಂಡಕ್ಟರು ಮಾನ್ವಿ ಮಾನ್ವಿ ಎಂದು ಕೂಗುತ್ತಿದ್ದ. ಇಷ್ಟು ದಿನ ಆಡದ ಮಾತು ಆ ಗದ್ದಲದಲ್ಲಿ ಹೇಗೋ ಹೊರಬಂತು.

‘ಅವಸರ ಮಾಡಿದ್ದು ನಿನ್ನ ಸಲುವಾಗಿ, ಮಲ್ಲಿಕಾ. ನೀ ಬರ್ತಿ ಅಂತ.’

‘ಗೊತ್ತದರಿ.’

‘ಗೊತ್ತಿದ್ದೂ ಹೋಗ್ತಿ?’

ಅವಳು ಹುಬ್ಬಿನ ಪಕ್ಕದ ಗುಳಿಯನ್ನು ಬೆರಳಿನಿಂದ ಮುಟ್ಟಿಕೊಂಡಳು, ತನಗೇ ಗೊತ್ತಿಲ್ಲದೆ. ‘ಅವತ್ತು ನಾ ಕಾರಿನ್ಯಾಗ ಮಲಗಿದ್ದಾಗ ನಿಮ್ಮ ಬೈಕಿನ ಸಪ್ಪಳ ಕೇಳ್ಕೋತ ಹೊಂಟಿದ್ದೆ. ಸಿರವಾರ ದಾಟಿದ ಮ್ಯಾಲೆ ಕೇಳಲಿಲ್ಲ. ಕಾರು ನಿಲ್ಲಸು ಅಂತ ಡ್ರೈವರಿಗೆ ಹೇಳ್ಬೇಕಂದೆ. ಹೇಳಲಿಲ್ಲ. ಮನಿಗೆ ಹೋಗ್ರಿ, ನಿಮಗೆ ಲ್ಯಾಬಿಗೆ ಹೊತ್ತಾಗ್ತದ.’

ಬಸ್ಸು ಹಿಂದಕ್ಕೆ ಸರಿದು ತಿರುಗಿತು. ಸರಳು ಅವನ ಕೈಯಿಂದ ತಾನಾಗಿಯೇ ಬಿಟ್ಟುಹೋಯಿತು.

ಅವನು ಲ್ಯಾಬಿಗೆ ಹೋಗಲಿಲ್ಲ. ಮನೆಗೆ ಬಂದು ಬಿಳಿ ಮೀನನ್ನು ಮತ್ತೆ ಬಕೆಟ್ಟಿಗೆ ಹಾಕಿದ. ತೊಟ್ಟಿಯ ನೀರನ್ನು ಪೈಪಿನಲ್ಲಿ ಎಳೆದು ಚರಂಡಿಗೆ ಬಿಟ್ಟ. ತಳದ ಬಣ್ಣದ ಕಲ್ಲುಗಳನ್ನು ಬೊಗಸೆ ಬೊಗಸೆಯಾಗಿ ಬಾಚಿ ಹಳೆಯ ಪಾತೇಲಿಗೆ ತುಂಬಿ, ನೀರು ಹಾಕಿ, ಒಲೆಯ ಮೇಲಿಟ್ಟು ಹಚ್ಚಿದ. ನೀರು ಕುದಿಯತೊಡಗಿದಾಗ ಕಲ್ಲುಗಳು ಒಂದಕ್ಕೊಂದು ತಾಕಿ ಕಟಕಟ ಎಂದವು.

ವೀರಭದ್ರಮ್ಮ ಒಲೆಯ ಹತ್ತಿರ ಬಂದು ಪಾತೇಲಿಯಲ್ಲಿ ಇಣುಕಿದಳು. ಬೇಳೆ ಬೆಂದಿದೆಯೇ ಎಂದು ನೋಡುವವಳ ಹಾಗೆ.

‘ಏನೋ ಇದು?’

‘ಕಲ್ಲು.’

‘ಎಷ್ಟೊತ್ತು ಕುದೀಬೇಕು?’

‘ಗೊತ್ತಿಲ್ಲ ಬೇ,’ ಎಂದ ಮೌನೇಶ. ಉರಿಯನ್ನು ಇನ್ನಷ್ಟು ದೊಡ್ಡದು ಮಾಡಿ ಅಲ್ಲೇ ನಿಂತ.